ಓದದೆ ಸಹಿ ಹಾಕಿದ ಒಂದು ಸಾಲು

ನಾನು ಫಾರ್ವರ್ಡ್. ಅಂದರೆ ಆಗಿದ್ದೆ, ಈಗ ಗೋವಾದ ವಾಸ್ಕೋದಲ್ಲಿ ಮಕ್ಕಳಿಗೆ ಫುಟ್ಬಾಲ್ ಹೇಳಿಕೊಡುತ್ತೇನೆ. ಮನೆ ಜುವಾರಿನಗರ. ಅಪ್ಪ ವಿಜಯಪುರದ ಕಡೆಯಿಂದ ಕೆಲಸಕ್ಕೆ ಬಂದವರು. ಗಲ್ಲಿಯಲ್ಲಿ ಕನ್ನಡ, ಮೈದಾನದಲ್ಲಿ ಕೊಂಕಣಿ, ಹೀಗೇ ಬೆಳೆದೆ.

ಫಾರ್ವರ್ಡ್ ಅಂದರೆ ಗೋಲು ಹೊಡೆಯುವವಳು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಪಂದ್ಯದಲ್ಲಿ ಒಂದೆರಡು ಸಲ ಸಿಗುವ ಕೆಲಸ. ಉಳಿದದ್ದೆಲ್ಲ ಓಟ. ಕೊನೆಯ ಡಿಫೆಂಡರ್‌ನ ಹೆಗಲ ಹಿಂದೆ ನಿಲ್ಲಬೇಕು, ಅವಳಿಗೆ ಚೆಂಡು ಕಂಡರೆ ನಾನು ಕಾಣಬಾರದು, ಪಾಸ್ ಬರುವವರೆಗೆ ಅಡ್ಡಡ್ಡ ಓಡುತ್ತಾ ಆಫ್‌ಸೈಡ್ ಆಗದಂತೆ ನೋಡಿಕೊಳ್ಳಬೇಕು, ಇಷ್ಟೆಲ್ಲ ಮಾಡಿದರೂ ಸುಮಾರು ಸಲ ಚೆಂಡೇ ಬರುವುದಿಲ್ಲ. ಎದುರಾಳಿ ಕೀಪರ್ ಕಾಲಿಗೆ ಚೆಂಡು ಹೋದರೆ ಮೊದಲು ಮೇಲೆ ನುಗ್ಗಬೇಕಾದವಳೂ ನಾನೇ.

ನನ್ನ ಮೊಣಕಾಲು ಹೋಗಿದ್ದೂ ಹಾಗೆ ನುಗ್ಗುವಾಗಲೇ. ಕ್ಯಾಂಪಿನ ಅಭ್ಯಾಸ ಪಂದ್ಯ. ಕೀಪರ್ ಎಡಕ್ಕೆ ಹೊಡೆಯುವ ಹಾಗೆ ಮಾಡಿ ಬಲಕ್ಕೆ ತಿರುಗಿದಳು, ನಾನೂ ತಿರುಗಿದೆ, ಪಾದ ಹುಲ್ಲಿನಲ್ಲೇ ಉಳಿಯಿತು. ಯಾರೂ ಮುಟ್ಟಿಯೇ ಇರಲಿಲ್ಲ. ಟಕ್ ಅಂತ ಒಳಗೆ ಸದ್ದು ಬಂತು, ಅಷ್ಟೇ. ಎಂಆರ್‌ಐಯಲ್ಲಿ ಎಸಿಎಲ್, ಅಂದರೆ ಮೊಣಕಾಲನ್ನು ಒಳಗಿಂದ ಹಿಡಿದಿಡುವ ಕಟ್ಟು, ಪೂರ್ತಿ ಹರಿದಿದೆ ಅಂತ ಬಂತು. ಈ ಗಾಯ ಗಂಡಸರಿಗಿಂತ ನಮ್ಮಲ್ಲೇ ಜಾಸ್ತಿ, ಅದೂ ಹೀಗೆ ಯಾರೂ ಮುಟ್ಟದೆಯೇ ಆಗುವುದು ಹೆಚ್ಚು.

ಆ ದಿನ ನನ್ನ ಕರಾರು ಮುಗಿಯಲು 24 ದಿನ ಬಾಕಿ ಇತ್ತು.

ಕರಾರು ನಾಲ್ಕು ತಿಂಗಳಿನದು. ಯಾಕಷ್ಟು ಚಿಕ್ಕದು ಅಂದರೆ ಲೀಗೇ ಚಿಕ್ಕದು. 2022ರ ಇಂಡಿಯನ್ ವಿಮೆನ್ಸ್ ಲೀಗ್ ನೋಡಿ: ಒಡಿಶಾದಲ್ಲಿ 12 ತಂಡ, ಒಂದೊಂದಕ್ಕೆ 11 ಪಂದ್ಯ, ಏಪ್ರಿಲ್ ಮಧ್ಯದಲ್ಲಿ ಶುರು, ಮೇ ಕೊನೆಗೆ ಮುಕ್ತಾಯ. ಅಷ್ಟಕ್ಕೆ ವರ್ಷದ ಸಂಬಳ ಯಾರು ಕೊಡುತ್ತಾರೆ? 2020ರಲ್ಲಿ ಭಾರತ ತಂಡದ ಫಾರ್ವರ್ಡ್ ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿಗೆ ಹೋದಾಗ 18 ತಿಂಗಳ ಕರಾರು ಅಂತ ಓದಿ ನಾವೆಲ್ಲ ಬಾಯಿ ಬಿಟ್ಟಿದ್ದೆವು. 2023-24ರಲ್ಲಿ ಇಲ್ಲೂ ತವರಿನಲ್ಲೊಂದು, ಹೊರಗೊಂದು ಪಂದ್ಯ ಬಂದು ಸೀಸನ್ ಸ್ವಲ್ಪ ಉದ್ದವಾಯಿತು, ಅದು ಒಳ್ಳೆಯದೇ ಆಯಿತು.

ಡಾಕ್ಟರು ಕೂಡಲೇ ಆಪರೇಷನ್ ಬೇಡ ಎಂದರು. ಊತ ಇಳಿಯಬೇಕು, ಕಾಲು ಪೂರ್ತಿ ನೇರ ಆಗಬೇಕು, ಇಲ್ಲದಿದ್ದರೆ ಆಮೇಲೆ ಮಡಚಲು ಕಷ್ಟ. ಸರಿಯಾದ ಮಾತೇ. ಐದು ವಾರ ಹಿಡಿಯಿತು. ಕ್ಲಬ್ಬಿನವರು ಎಂಆರ್‌ಐ ಬಿಲ್ ಕಟ್ಟಿದ್ದರು, ಆಪರೇಷನ್ ತಾರೀಖು ಹೇಳಲು ಫೋನ್ ಮಾಡಿದರೆ ಮ್ಯಾನೇಜರ್ ಬಹಳ ಮರ್ಯಾದೆಯಿಂದ, "ನಿಮ್ಮ ಕರಾರು ಮುಗಿದಿದೆ ಅಲ್ವಾ ಮೇಡಂ" ಎಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಮೇಡಂ ಅಂದಿರಲಿಲ್ಲ.

ಆಗ ಕಾಗದ ತೆಗೆದು ಓದಿದೆ. ಕರಾರಿನ ಅವಧಿಯಲ್ಲಿ ನಡೆಯುವ ಚಿಕಿತ್ಸೆಯ ಖರ್ಚು ಕ್ಲಬ್ಬಿನದು ಎಂದು ಬರೆದಿತ್ತು. ಅವಧಿಯಲ್ಲಿ ಆದ ಗಾಯ ಅಂತಲ್ಲ. ಅವರು ಮೋಸ ಮಾಡಿದರು ಅನ್ನಲಾರೆ, ಬರೆದದ್ದನ್ನೇ ಮಾಡಿದರು, ಓದದವಳು ನಾನು. ಸಹಿ ಹಾಕುವಾಗ ನಾನು ನೋಡಿದ್ದು ಎರಡೇ: ಸಂಬಳ ಎಷ್ಟು, ಜೆರ್ಸಿ ನಂಬರ್ ಯಾವುದು. ಹತ್ತನೇ ನಂಬರ್ ಕೊಟ್ಟಿದ್ದರು, ಖುಷಿಯಲ್ಲಿದ್ದೆ.

ಆಪರೇಷನ್ ದುಡ್ಡು ಅಪ್ಪನ ಪಿಎಫ್‌ನಿಂದ ಬಂತು. ಆಮೇಲೆ ಒಂಬತ್ತು ತಿಂಗಳು ಫಿಸಿಯೋ, ಅದರ ಖರ್ಚು ಬೇರೆ. ಕಾಲು ಗಟ್ಟಿಯಾಯಿತು, ಆದರೆ ತಿರುಗುವಾಗ ಒಂದು ಕ್ಷಣ ಯೋಚಿಸುವ ಫಾರ್ವರ್ಡ್‌ನನ್ನು ಯಾರು ತೆಗೆದುಕೊಳ್ಳುತ್ತಾರೆ?

ಈಗ ನಮ್ಮ ಕಡೆಯ ಹುಡುಗಿಯರು ಕರಾರು ಬಂದರೆ ವಾಟ್ಸಾಪಿನಲ್ಲಿ ನನಗೆ ಕಳಿಸುತ್ತಾರೆ. ನಾನು ಮೊದಲು ನೋಡುವುದು ಆ ಸಾಲು. ಆಮೇಲೆ ಹೆರಿಗೆಯ ಮಾತು, ಯಾಕೆಂದರೆ 2021ರಿಂದ ಫಿಫಾ ನಿಯಮದಲ್ಲೇ ವೃತ್ತಿಪರ ಆಟಗಾರ್ತಿಗೆ ಕನಿಷ್ಠ 14 ವಾರದ ಸಂಬಳ ಸಹಿತ ರಜೆ ಇದೆ, ಎಷ್ಟೋ ಕಾಗದಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಸಂಬಳ ಕೊನೆಗೆ.

ಮೊನ್ನೆ ಹತ್ತೊಂಬತ್ತರ ಹುಡುಗಿಯೊಬ್ಬಳು ಕಳಿಸಿದ್ದಳು. ಅದೇ ಸಾಲು, ಪದವೂ ಬದಲಾಗಿಲ್ಲ. ಗುಣವಾಗುವವರೆಗೆ ಅಂತ ಸೇರಿಸಲು ಹೇಳು ಎಂದೆ. "ಕೇಳಿದ್ರೆ ಬೇರೆಯವ್ರನ್ನ ತಗೋತಾರೆ ಅಕ್ಕಾ" ಎಂದಳು. ತೆಗೆದುಕೊಂಡರೂ ತೆಗೆದುಕೊಳ್ಳಬಹುದು, ಸುಳ್ಳು ಹೇಳಲಿಲ್ಲ ನಾನು. ಆದರೂ ಕೇಳಿದ್ದಾಳೆ. ನಾಲ್ಕು ದಿನ ಆಯಿತು, ಉತ್ತರ ಬಂದಿಲ್ಲ. ಸೋಮವಾರ ಕ್ಯಾಂಪ್ ಶುರು.