ಇನ್ನೂ ಎಷ್ಟು ಸಲ ಆಪರೇಷನ್ ಮಾಡ್ತೀರಾ, ಡಾಕ್ಟ್ರೇ?

ಓಟಿ ಬಾಗಿಲಿನಿಂದ ಹೊರಗೆ ಬಂದ ಕೂಡಲೇ ಈ ಪ್ರಶ್ನೆ ಎದುರಾಗುತ್ತದೆ. ಕರೆಂಟ್ ಹೊಡೆದು ಬಂದವರ ಮನೆಯವರು ಕೇಳುವ ಪ್ರಶ್ನೆ ಇದು. ಮೂರನೇ ಸಲ ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ದನಿಯಲ್ಲಿ ಅನುಮಾನವೂ ಸೇರಿರುತ್ತದೆ. ಮೊದಲ ದಿನವೇ ಸರಿಯಾಗಿ ಮಾಡಿದ್ದರೆ ಇವತ್ತು ಯಾಕೆ ಮತ್ತೆ ಕೊಯ್ಯಬೇಕಿತ್ತು? ಬಿಲ್ ಜಾಸ್ತಿ ಮಾಡೋಕಾ? ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಕೆಲವರು ಸುಮ್ನೆ ಮುಖ ನೋಡುತ್ತಾರೆ.

ನಾನು ಪ್ಲಾಸ್ಟಿಕ್ ಸರ್ಜನ್, ಬೆಂಗಳೂರಿನವಳು. ಇದಕ್ಕೆ ಉತ್ತರವನ್ನು ಕಾರಿಡಾರಿನಲ್ಲಿ ನಿಂತು ಅವಸರದಲ್ಲಿ ಹೇಳಿದ್ದೇ ಹೆಚ್ಚು. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಒಬ್ಬ ಹುಡುಗನ ಕಥೆಯಿಂದ ಶುರು ಮಾಡುತ್ತೇನೆ. ಯಾದಗಿರಿ ಕಡೆಯವನು, ಇಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದಿದ್ದ. ಮೂರನೇ ಮಹಡಿಯಲ್ಲಿ ಕಬ್ಬಿಣದ ಸರಳು ಎತ್ತಿ ತಿರುಗಿಸುವಾಗ ಅದರ ತುದಿ ಪಕ್ಕದ 11 ಕೆ.ವಿ. ಲೈನಿಗೆ ತಗುಲಿತು. ನಮ್ಮ ಮನೆಗೆ ಬರುವುದು 230 ವೋಲ್ಟ್. ಆ ತಂತಿಯಲ್ಲಿ ಹರಿಯುವುದು 11,000 ವೋಲ್ಟ್. ಕಟ್ಟಡದಿಂದ ಆ ಲೈನಿಗೆ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕೆಂಬ ನಿಯಮವಿದೆ. ಆದರೆ ಬಾಲ್ಕನಿಯಿಂದ ಕೈ ಚಾಚಿದರೆ ತಂತಿ ಸಿಗುವ ಗಲ್ಲಿಗಳು ನಮ್ಮ ಊರಿನಲ್ಲಿ ಎಷ್ಟಿವೆ, ನೀವೇ ನೋಡಿರುತ್ತೀರಿ.

ಅವನ ಬಲ ಮಣಿಕಟ್ಟಿನ ಹತ್ತಿರ ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಗಾಯವಿತ್ತು. ಎಡಗಾಲಿನ ಹೆಬ್ಬೆರಳಿನ ಬಳಿ ಇನ್ನೊಂದು. ಅಷ್ಟೇ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಚೆನ್ನಾಗಿಯೇ ಇತ್ತು. ಆದರೆ ಮುಟ್ಟಿದರೆ ಮುಂಗೈ ಕಲ್ಲಿನ ಹಾಗೆ ಗಟ್ಟಿ. ಬೆರಳು ಮಡಚಿಕೊಂಡಿದ್ದವು, ಬಿಡಿಸಲು ಹೋದರೆ ಕಿರುಚುತ್ತಿದ್ದ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತಿತ್ತು. ನನಗೆ ಹೆದರಿಕೆ ಆಗಿದ್ದು ಗಾಯ ನೋಡಿ ಅಲ್ಲ, ಆ ಬಣ್ಣ ನೋಡಿ.

ಬೆಂಕಿ ಹೊರಗಿನಿಂದ ಒಳಕ್ಕೆ ಸುಡುತ್ತದೆ. ಕರೆಂಟ್ ಹಾಗಲ್ಲ. ಅದು ಒಂದು ಕಡೆ ಒಳಗೆ ಹೊಕ್ಕು, ದಾರಿಯುದ್ದಕ್ಕೂ ಬಿಸಿ ಹುಟ್ಟಿಸುತ್ತಾ, ಇನ್ನೊಂದು ಕಡೆ ಹೊರಗೆ ಹೋಗುತ್ತದೆ. ಅದಕ್ಕೆ ಅತಿ ಹೆಚ್ಚು ಅಡ್ಡಿ ಮಾಡುವುದು ಮೂಳೆ. ಹಾಗಾಗಿ ಮೂಳೆ ಕಾಯುತ್ತದೆ, ಅದಕ್ಕೆ ಅಂಟಿಕೊಂಡ ಮಾಂಸ ಒಳಗೇ ಬೇಯುತ್ತದೆ. ಮೇಲಿನ ಮಾಂಸ ಕೆಂಪಗೆ ಇರುವಾಗಲೇ ಕೆಳಗಿನದು ಸತ್ತಿರಬಹುದು. ಮಣಿಕಟ್ಟಿನಲ್ಲಿ ಇದು ಇನ್ನೂ ಕೆಟ್ಟದು. ಜಾಗ ಕಿರಿದು, ಕರೆಂಟೆಲ್ಲ ಅಲ್ಲೇ ಇಕ್ಕಟ್ಟಾಗಿ ಹಾಯಬೇಕು. ಬೆಂದ ಮಾಂಸದಿಂದ ಒಂದು ಕೆಂಪು ಪದಾರ್ಥ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಡಿಕಾಕ್ಷನ್ ಬಣ್ಣ ಅದರದ್ದೇ. ಗಂಟೆಗೆ 75ರಿಂದ 100 ಮಿಲಿ ಮೂತ್ರ ಬರುವ ಹಾಗೆ ಡ್ರಿಪ್ ಹಾಕಿ ಅದನ್ನು ತೊಳೆದು ಹೊರಗೆ ಕಳಿಸಬೇಕು. ಇದರ ಜೊತೆಗೆ ಎದೆಬಡಿತದ ತಾಳ ತಪ್ಪಬಹುದು ಅಂತ ಇಸಿಜಿ ಮೇಲೆ ಕಣ್ಣಿಟ್ಟಿರಬೇಕು. ಮೊದಲ ರಾತ್ರಿ ನಾವು ಉಳಿಸಲು ನೋಡುವುದು ಜೀವವನ್ನು. ಕೈಯ ಲೆಕ್ಕ ಆಮೇಲೆ.

ಆದರೂ ಅವತ್ತು ರಾತ್ರಿಯೇ ಮುಂಗೈಯನ್ನು ಉದ್ದಕ್ಕೆ ಸೀಳಿದೆವು. ಊದಿದ ಮಾಂಸದ ಸುತ್ತ ಬಿಗಿಯಾದ ಪೊರೆ ಇರುತ್ತದೆ, ಅದು ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ರಕ್ತ ನಿಲ್ಲುತ್ತದೆ. ಆರು ಗಂಟೆ ಹಾಗೇ ಬಿಟ್ಟರೆ ಬದುಕಿದ್ದ ಮಾಂಸವೂ ಸಾಯಲು ಶುರುವಾಗುತ್ತದೆ. ಪೊರೆ ಬಿಚ್ಚುವುದೊಂದೇ ದಾರಿ. ಮಾರನೇ ದಿನ ಅವನ ಅವ್ವ ಬಟ್ಟೆಯ ಗಂಟು ಹಿಡಿದು ಬಸ್ಸಿಳಿದು ಬಂದವರು ಅದನ್ನು ನೋಡಿದರು. ಗಾಯವೇ ಇಲ್ಲದ ಕಡೆ ಇಷ್ಟುದ್ದ ಯಾಕೆ ಕೊಯ್ದಿದ್ದೀರಿ ಅಂದರು. ನ್ಯಾಯವಾದ ಪ್ರಶ್ನೆ. ಹೊರಗೆ ಏನೂ ಇಲ್ಲದಿದ್ದುದಕ್ಕೇ ಕೊಯ್ದೆವು ಅನ್ನುವ ಉತ್ತರವನ್ನು ಯಾವ ತಾಯಿ ತಾನೇ ಸುಲಭವಾಗಿ ನಂಬುತ್ತಾಳೆ?

ಎರಡು ದಿನ ಬಿಟ್ಟು ಮತ್ತೆ ಓಟಿ. ಇನ್ನೆರಡು ದಿನಕ್ಕೆ ಮತ್ತೆ. ಆಗ ಅವರು ನನ್ನ ಕೈ ಹಿಡಿದುಕೊಂಡರು. "ನನ್ನ ಮಗನ ಕೈ ಇನ್ನ ಎಷ್ಟ್ ಸಲ ಕೊಯ್ತೀರಿ ಯವ್ವಾ?"

ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಕರೆಂಟಿನ ಗಾಯ ಒಂದೇ ದಿನಕ್ಕೆ ಮುಗಿಯುವುದಿಲ್ಲ. ರಕ್ತನಾಳದ ಒಳಗೋಡೆ ಸುಟ್ಟಿರುತ್ತದೆ. ಮೊದಲ ದಿನ ಅದರಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ಆಮೇಲೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಸೋಮವಾರ ಕೆಂಪಗಿದ್ದ ಮಾಂಸ ಬುಧವಾರ ಬಣ್ಣಗೆಟ್ಟಿರುತ್ತದೆ. ಇಕ್ಕಳದಲ್ಲಿ ಚಿವುಟಿದರೆ ಮಿಡಿಯಬೇಕು, ಕತ್ತರಿಸಿದರೆ ರಕ್ತ ಒಸರಬೇಕು. ಮಿಡಿಯದಿದ್ದರೆ ತೆಗೆಯಬೇಕು. ಮೊದಲ ದಿನವೇ ಅನುಮಾನ ಬಂದದ್ದನ್ನೆಲ್ಲ ಕತ್ತರಿಸಿದರೆ ಬದುಕಬಹುದಾಗಿದ್ದದ್ದೂ ಹೋಗುತ್ತದೆ. ಸತ್ತದ್ದನ್ನು ಬಿಟ್ಟರೆ ಕೀವಾಗಿ ನಂಜು ಮೈಗೆಲ್ಲ ಏರುತ್ತದೆ. ಅದಕ್ಕೇ 48ರಿಂದ 72 ಗಂಟೆಗೊಮ್ಮೆ ತೆರೆದು ನೋಡುತ್ತೇವೆ. ಒಂದೊಂದು ಸಲವೂ ಸ್ವಲ್ಪ ಸ್ವಲ್ಪವೇ ತೆಗೆಯುವುದು ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ.

ಎಲ್ಲ ಸಲ ಉಳಿಯುವುದಿಲ್ಲ. ಕೈಯನ್ನೇ ತೆಗೆಯಬೇಕಾದ ದಿನಗಳೂ ಇವೆ. ಆ ಮಾತನ್ನು ಮನೆಯವರಿಗೆ ಹೇಳುವುದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಈ ಹುಡುಗ ಕಿರುಬೆರಳನ್ನು ಕಳೆದುಕೊಂಡ, ಕೈ ಉಳಿಯಿತು.

ಗಾಯ ಶುದ್ಧವಾದ ಮೇಲೆ ಮುಚ್ಚಬೇಕು. ಚರ್ಮದ ತೆಳು ಹಾಳೆ ತೆಗೆದು ಅಂಟಿಸಬಹುದಲ್ವಾ ಅಂತ ಕೇಳುತ್ತಾರೆ. ಕೆಳಗೆ ರಕ್ತ ಇರುವ ಹಾಸು ಇದ್ದರೆ ಮಾತ್ರ ಅದು ಹಿಡಿಯುತ್ತದೆ. ಬರೀ ಮೂಳೆಯ ಮೇಲೆ ಹಿಡಿಯುವುದಿಲ್ಲ. ಆಗ ಚರ್ಮ, ಕೊಬ್ಬು, ಅದರ ರಕ್ತನಾಳ ಸಮೇತ ಒಂದು ತುಂಡು ಬೇಕು. ನಾವು ಅದನ್ನು ಫ್ಲ್ಯಾಪ್ ಅನ್ನುತ್ತೇವೆ. ತೊಡೆಯಿಂದಲೋ ಬೆನ್ನಿನಿಂದಲೋ ತೆಗೆದು, ಒಂದೆರಡು ಮಿಲಿಮೀಟರ್ ದಪ್ಪದ ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಹೊಲಿಯುವುದು ಒಂದು ವಿಧಾನ. ಆದರೆ ಜೋಡಿಸಬೇಕಾದ ಕೈಯ ನಾಳವೇ ಸುಟ್ಟಿದ್ದರೆ? ಅವನಿಗೆ ಹಳೆಯ ದಾರಿಯನ್ನೇ ಹಿಡಿದೆವು. 1972ರಲ್ಲಿ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬ ಸರ್ಜನ್‌ಗಳು ವಿವರಿಸಿದ ತೊಡೆಸಂದಿನ ಫ್ಲ್ಯಾಪ್. ಕೈಯನ್ನು ತೊಡೆಸಂದಿನ ಚರ್ಮಕ್ಕೆ ಹೊಲಿದು ಮೂರು ವಾರ ಹಾಗೇ ಇಡುವುದು. ಅಷ್ಟರಲ್ಲಿ ಕೈಯ ಕಡೆಯಿಂದ ಹೊಸ ರಕ್ತನಾಳಗಳು ಚರ್ಮದೊಳಗೆ ಬೆಳೆಯುತ್ತವೆ. ಆಮೇಲೆ ಬೇರ್ಪಡಿಸುವುದು. ಅದಕ್ಕೆ ಇನ್ನೊಂದು ಆಪರೇಷನ್. ಆ ಮೂರು ವಾರ ಅವನಿಗೆ ಅವ್ವನೇ ತುತ್ತು ಮಾಡಿ ತಿನ್ನಿಸಿದರು.

ನಮ್ಮ ಮಾತಿನಲ್ಲಿ ಒಂದು ತೊಡಕಿದೆ. ರಕ್ತನಾಳಕ್ಕೂ ನರ ಅನ್ನುತ್ತೇವೆ, ಬೆರಳು ಎಳೆಯುವ ಟೆಂಡನ್‌ಗೂ ನರ ಅನ್ನುತ್ತೇವೆ, ಸ್ಪರ್ಶ ತಿಳಿಸುವ ನರಕ್ಕೂ ನರ. "ನರ ಜೋಡಿಸಿದ್ದೀರಲ್ಲ, ಮತ್ತೇಕೆ ಆಪರೇಷನ್?" ಅನ್ನುವ ಗೊಂದಲ ಬರುವುದು ಇಲ್ಲಿಂದಲೇ. ಮೂರೂ ಬೇರೆ, ಮೂರಕ್ಕೂ ಅದರದರ ಸಮಯವಿದೆ. ಮೇಲೆ ಒಳ್ಳೆಯ ಚರ್ಮ ಕೂತು ಮೆತ್ತಗಾದ ಮೇಲೆಯೇ ಒಳಗಿನ ರಿಪೇರಿ.

ನಡುವೆ ಒಂದು ಮಾತು ಸೇರಿಸಲೇಬೇಕು. ತಂತಿಯ ಕಿಡಿಗೆ ಬಟ್ಟೆ ಹೊತ್ತಿಕೊಂಡು ಮೈಯೆಲ್ಲ ಸುಟ್ಟವರಿಗೆ ಸ್ವಂತ ಚರ್ಮ ಸಾಲುವುದಿಲ್ಲ. ಅಂಥವರಿಗಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ದಾನದ ಚರ್ಮ ಕಾದಿಡುವ ಚರ್ಮ ಬ್ಯಾಂಕ್ ಇದೆ. ಸತ್ತ ಆರು ಗಂಟೆಯೊಳಗೆ ಚರ್ಮ ದಾನ ಮಾಡಬಹುದು. ತೊಡೆ, ಬೆನ್ನುಗಳಿಂದ ತೆಳುವಾದ ಪದರ ಮಾತ್ರ ತೆಗೆಯುತ್ತಾರೆ, ದೇಹ ವಿಕಾರವಾಗುವುದಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗೆ ಮೊದಲ ವಿದ್ಯುತ್ ದೀಪ ಬಂದದ್ದು ಕೆ.ಆರ್. ಮಾರುಕಟ್ಟೆಯ ಹತ್ತಿರ. ಕರೆಂಟಿನಿಂದ ಸುಟ್ಟವರು ಮಲಗುವ ವಿಕ್ಟೋರಿಯಾದ ವಾರ್ಡ್ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ.

ಮೂರು ತಿಂಗಳಾದ ಮೇಲೆ ಹುಡುಗನ ಕಾಲಿನ ಹಿಂಭಾಗದಿಂದ ನರ ತೆಗೆದು ಮುಂಗೈಯಲ್ಲಿ ಸುಟ್ಟುಹೋದ ನರದ ಜಾಗಕ್ಕೆ ಸೇರಿಸಿದೆವು. ಪಾದದ ಅಂಚಿನಲ್ಲಿ ಒಂದಿಷ್ಟು ಜಾಗ ಮರಗಟ್ಟುತ್ತದೆ, ನಡೆಯಲು ತೊಂದರೆಯಿಲ್ಲ. ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ತಿಂಗಳಿಗೆ ಒಂದು ಇಂಚು ಅನ್ನಿ. ಇದನ್ನು ಬೇಗ ಮಾಡಿಸುವ ಔಷಧಿ ನನ್ನ ಹತ್ತಿರ ಇಲ್ಲ. ಅಲ್ಲಿಯವರೆಗೆ ಬೆರಳು ಸೆಟೆಯದಂತೆ ದಿನಾ ಫಿಸಿಯೋ, ರಾತ್ರಿ ಬೆರಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್. ಅವನ ಕೈ ಇವತ್ತು ಮೆತ್ತಗಿದ್ದರೆ ಅದರಲ್ಲಿ ನನ್ನ ಪಾಲಿಗಿಂತ ಫಿಸಿಯೋ ಹುಡುಗಿಯ ಪಾಲೇ ಜಾಸ್ತಿ.

ಪ್ರತಿ ತಿಂಗಳು ಬಂದಾಗ ಅವನ ಮುಂಗೈ ಮೇಲೆ ಬೆರಳಿನಿಂದ ತಟ್ಟುತ್ತಾ ಹೋಗುತ್ತೇನೆ. ನರ ಎಲ್ಲಿಯವರೆಗೆ ಬೆಳೆದಿದೆಯೋ ಅಲ್ಲಿ ತಟ್ಟಿದರೆ ಜುಮ್ ಅನ್ನುತ್ತದೆ. ಅಲ್ಲಿ ಪೆನ್ನಿನಿಂದ ಗುರುತು ಹಾಕಿ, ಅಳತೆಯನ್ನು ಅವನ ಚೀಟಿಯಲ್ಲಿ ಬರೆಯುತ್ತೇನೆ. ಅವ್ವ ಪಕ್ಕದಲ್ಲಿ ಕೂತು ಹೋದ ತಿಂಗಳ ಅಳತೆ ಎಷ್ಟಿತ್ತು ಅಂತ ಕೇಳುತ್ತಾರೆ. ಕಳೆದ ಸಲ ಗುರುತು ಮಣಿಕಟ್ಟು ದಾಟಿ ಅಂಗೈಗೆ ಬಂದಿತ್ತು. ಇನ್ನು ಉಳಿದಿರುವುದು ಬೆರಳು ಮಡಚುವ ಟೆಂಡನ್. ಅದು ಯಾವಾಗ ಮಾಡ್ತೀರಿ ಅಂತ ಈ ಸಲ ಅವನೇ ಕೇಳಿದ.