ಮೈಸೂರಿನಿಂದ ಮ್ಯೂನಿಕ್‌ಗೆ, ಮೆಟಾಲಿಕಾ ನೋಡಲು

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಹೆವಿ ಮೆಟಲ್ ರಾಕ್ ಬ್ಯಾಂಡ್ ಮೆಟಾಲಿಕಾ ಬಂದಾಗ ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಮಧ್ಯಾಹ್ನದ ರೈಲು ಹಿಡಿದು ಹೋದೆವು. ನಾವು ನಿಂತದ್ದು ಬಹಳ ಹಿಂದೆ. ಅದರ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ನನ್ನ ಕಣ್ಣಿಗೆ ಹೆಬ್ಬೆರಳಿನಷ್ಟೇ ಕಂಡಿದ್ದು. ಆದರೂ ಆ ರಾತ್ರಿ ವಾಪಸ್ ಬರುವಾಗ ಮಂಡ್ಯದ ಗೆಳೆಯ ಮತ್ತು ನಾನು ಒಂದು ಮಾತು ಆಡಿಕೊಂಡೆವು, ಇನ್ನೊಂದು ಸಲ ಇವರನ್ನು ಹತ್ತಿರದಿಂದ ನೋಡಲೇಬೇಕು ಅಂತ. ಅದು ಆಗಲು ಹನ್ನೆರಡು ವರ್ಷ ಹಿಡಿಯಿತು.

2024ರ ಮೇ 24 ಮತ್ತು 26, ಶುಕ್ರವಾರ ಮತ್ತು ಭಾನುವಾರ, ಜರ್ಮನಿಯ ಮ್ಯೂನಿಕ್‌ನ ಒಲಿಂಪಿಕ್ ಸ್ಟೇಡಿಯಂ. ಎಂ72 ಅಂತ ಆ ಪ್ರವಾಸಕ್ಕೆ ಹೆಸರು. ಆಗ ಇದರಲ್ಲಿ ಬಹಳಷ್ಟು ಊರುಗಳಲ್ಲಿ ಎರಡು ರಾತ್ರಿ ನುಡಿಸುತ್ತಿದ್ದರು, ಅಲ್ಲಿ ಮೊದಲ ರಾತ್ರಿ ನುಡಿಸಿದ ಒಂದೇ ಒಂದು ಹಾಡನ್ನೂ ಎರಡನೇ ರಾತ್ರಿ ನುಡಿಸುತ್ತಿರಲಿಲ್ಲ. ಮೊದಲು ಬರುವ ಸಣ್ಣ ಬ್ಯಾಂಡುಗಳೂ ಬೇರೆ ಬೇರೆ. ಹಾಗಾಗಿ ಇಂಥ ಎರಡು ರಾತ್ರಿಯ ಕಾರ್ಯಕ್ರಮಕ್ಕೆ ಹೋಗುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಎರಡೂ ರಾತ್ರಿಯ ಟಿಕೆಟ್ ತಗೊಳ್ಳಿ. ನಮಗೆ ಗೊತ್ತಿರುವ ಹಾಡುಗಳನ್ನು ಅವರು ಎರಡು ದಿನಕ್ಕೆ ಹಂಚಿಬಿಟ್ಟಿರುತ್ತಾರೆ. ಒಂದೇ ದಿನ ಹೋದರೆ ಅರ್ಧ ಊಟಕ್ಕೆ ಎದ್ದು ಬಂದ ಹಾಗೆ. ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಗೆಳೆಯ ದುಡ್ಡು ಉಳಿಸಲು ಶುಕ್ರವಾರದ ಟಿಕೆಟ್ ಮಾತ್ರ ತಗೊಂಡ, ಭಾನುವಾರ ಸಂಜೆ ಅವನ ಮುಖ ನೋಡಲಾಗಲಿಲ್ಲ.

ನಮ್ಮ ಜನ ಯುರೋಪಿಗೆ ಹೋದರೆ ಹತ್ತು ದಿನಕ್ಕೆ ಆರು ದೇಶ ನೋಡುವುದು ವಾಡಿಕೆ. ಅಷ್ಟು ಖರ್ಚು ಮಾಡಿ ಒಂದೇ ಊರಾ ಅಂತ ಮನೆಯಲ್ಲೂ ಕೇಳಿದರು. ದಯವಿಟ್ಟು ಈ ಪ್ರವಾಸವನ್ನು ಹಾಗೆ ಮಾಡಬೇಡಿ. ಸ್ವಿಟ್ಜರ್ಲೆಂಡ್ ಇನ್ನೊಂದು ಸಲ ನೋಡಬಹುದು. ಕಾನ್ಸರ್ಟ್ ನಡುವಿನ ದಿನ ರೈಲು, ಬಸ್ಸು ಅಂತ ಓಡಾಡಿದರೆ ಕಾಲು ಸೋಲುತ್ತವೆ. ನಾವೂ ಶನಿವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಸುಮ್ನೆ ನಡೆದೇ ನಡೆದೆವು. ನಿಂಫೆನ್‌ಬರ್ಗ್ ಅರಮನೆ, ಇಂಗ್ಲಿಷ್ ಗಾರ್ಡನ್, ಅಲ್ಲಿ ಐಸ್‌ಬಾಖ್ ಅನ್ನುವ ಕಾಲುವೆಯಲ್ಲಿ ಊರಿನ ನಡುವೆಯೇ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಹುಡುಗರು, ಎಲ್ಲಾ ನೋಡಿದೆವು. ಚೆನ್ನಾಗಿಯೇ ಇತ್ತು. ಆದರೆ ಭಾನುವಾರ ನಾಲ್ಕು ಗಂಟೆ ನಿಂತ ಮೇಲೆ ನನ್ನ ಮೀನಖಂಡ ಹಿಡಿದುಕೊಂಡು, ಕಾದು ಕಾದು ಹಿಡಿದ ಜಾಗ ಬಿಟ್ಟು ಹಿಂದೆ ಹೋಗಬೇಕಾಯಿತು. ಆ ನೋವು ಇನ್ನೂ ಮನಸ್ಸಿನಲ್ಲಿದೆ. ನಡುವಿನ ದಿನ ಅರ್ಧ ದಿನ ನಿದ್ದೆ ಮಾಡಿ.

ಈಗ ವೀಸಾ. ಜಾಸ್ತಿ ಜನ ಸೋಲುವುದು ಇಲ್ಲೇ. ಪಾಸ್‌ಪೋರ್ಟ್ ಇಲ್ಲದವರು ಬೆಂಗಳೂರಿಗೆ ಓಡಬೇಕಾಗಿಲ್ಲ, ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು, 2017ರ ಜನವರಿಯಲ್ಲಿ. ಆದರೆ ಷೆಂಗೆನ್ ವೀಸಾಕ್ಕೆ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾಕ್ಕೆ, ಬೆರಳಚ್ಚು ಕೊಡಲು ನಾವು ಬೆಂಗಳೂರಿಗೇ ಹೋದೆವು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆಯ ತಿಂಗಳುಗಳಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ಸ್ಲಾಟ್ ಸಿಗುವುದು ಕಷ್ಟ, ಜನವರಿಯಲ್ಲೇ ಶುರು ಮಾಡಿ. ನಾವು ಮೊದಲು ಒಬ್ಬ ಏಜೆಂಟನ್ನು ನಂಬಿದೆವು. ಸ್ಲಾಟ್ ಕೊಡಿಸುತ್ತೇನೆ ಅಂತ ಮೂರು ವಾರ ಕಳೆದ, ಕೊನೆಗೆ ನಾವೇ ಕೂತು ಬೆಳಿಗ್ಗೆ ಬೆಳಿಗ್ಗೆ ವೆಬ್‌ಸೈಟ್ ನೋಡುತ್ತಾ ಹಿಡಿದೆವು. ಏಜೆಂಟ್ ಬೇಕಿಲ್ಲ.

ಕಾಗದಪತ್ರ ಅಂದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕಚೇರಿಯ ರಜೆ ಪತ್ರ, ಹೋಟೆಲ್ ಮತ್ತು ವಿಮಾನದ ಬುಕಿಂಗ್, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಇದರ ಜೊತೆಗೆ ಕಾನ್ಸರ್ಟ್ ಟಿಕೆಟ್‌ನ ಪ್ರತಿ ಇಟ್ಟು, ಯಾಕೆ ಈ ದಿನಾಂಕವೇ, ಯಾಕೆ ಈ ಊರೇ ಅಂತ ಒಂದು ಪುಟದ ಪತ್ರ ನೇರವಾಗಿ ಬರೆಯಿರಿ. ನಾವು ಹಾಗೇ ಬರೆದೆವು, ರಾಕ್ ಬ್ಯಾಂಡ್ ನೋಡಲು ಹೋಗುತ್ತಿದ್ದೇವೆ ಅಂತ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ? ನಾವು ಕಟ್ಟಿದ ವೀಸಾ ಶುಲ್ಕ 80 ಯೂರೋ, 2024ರ ಜೂನ್‌ನಿಂದ ಅದು 90 ಆಗಿದೆ. ಸೇವಾ ಶುಲ್ಕ ಬೇರೆ. ಆಗ ಒಂದು ಯೂರೋಗೆ ಸುಮಾರು 90 ರೂಪಾಯಿ ಇತ್ತು.

ಹೋಟೆಲ್ ಬಗ್ಗೆ ಒಂದು ಮಾತು. ಕಾನ್ಸರ್ಟ್ ದಿನಾಂಕ ಹೊರಬಿದ್ದ ಕೂಡಲೇ ಊರಿನಲ್ಲಿ ರೂಮಿನ ಬೆಲೆ ಏರುತ್ತದೆ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನು ಅವತ್ತೇ ಹಿಡಿದಿಟ್ಟುಕೊಳ್ಳಿ, ವೀಸಾ ಆಮೇಲೆ. ಸ್ಟೇಡಿಯಂ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಯು3 ಅನ್ನುವ ಮೆಟ್ರೋ ಲೈನಿನ ಮೇಲೆ ಎಲ್ಲಿದ್ದರೂ ಸಾಕು, ಅದು ನೇರ ಒಲಿಂಪಿಯಾಸೆಂಟ್ರುಮ್ ನಿಲ್ದಾಣಕ್ಕೆ ಬರುತ್ತದೆ.

ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರ ನವೆಂಬರ್‌ನಲ್ಲಿ ಲುಫ್ತಾನ್ಸಾ ನೇರ ವಿಮಾನ ಶುರು ಮಾಡಿತು, ನಮಗೆ ಅದೇ ಅನುಕೂಲವಾಯಿತು. ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ವಿಮಾನ ನಿಲ್ದಾಣದ ಬಾಗಿಲಿಗೇ ಬಿಡುತ್ತದೆ. ಹೆದ್ದಾರಿ ಚೆನ್ನಾಗಾಗಿದ್ದರೂ ಬೆಂಗಳೂರಿನೊಳಗಿನ ಟ್ರಾಫಿಕ್ ನಂಬಬೇಡಿ, ಒಂದು ಬಸ್ ಮುಂಚಿನದ್ದನ್ನೇ ಹಿಡಿಯಿರಿ.

ತಿಂಡಿ ಕಟ್ಟಿಕೊಂಡು ಹೋಗುವವರಿಗೆ: ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಬಿಡಿ. ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು ನಮ್ಮನ್ನು ಕಾಪಾಡಿದವು. ಅದರಲ್ಲೂ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸೂಪರ್ ಮಾರ್ಕೆಟ್ ಕೂಡ. ನಮ್ಮ ದೇವರಾಜ ಮಾರ್ಕೆಟ್ ಭಾನುವಾರ ಹೇಗೆ ಗಿಜಿಗುಡುತ್ತದೆ ನೆನಪಿಸಿಕೊಳ್ಳಿ, ಅಲ್ಲಿ ಅದರ ಪೂರ್ತಿ ಉಲ್ಟಾ. ಶನಿವಾರವೇ ಬ್ರೆಡ್, ಹಣ್ಣು, ನೀರು ತಂದಿಟ್ಟುಕೊಳ್ಳಿ. ನೀರು ಕೇಳುವಾಗ ಸ್ಟಿಲ್ಲೆಸ್ ವಾಸರ್ ಅಂತ ಕೇಳಿ, ಇಲ್ಲದಿದ್ದರೆ ಸೋಡಾ ಕೊಡುತ್ತಾರೆ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಬ್ರೆಟ್ಸೆಲ್ ಅನ್ನುವ ಉಪ್ಪಿನ ಬ್ರೆಡ್ ಎಲ್ಲಾ ಕಡೆ ಸಿಗುತ್ತದೆ, ಕೇಸ್‌ಷ್ಪೆಟ್ಸ್ಲೆ ಅಂತ ಚೀಸ್ ಹಾಕಿದ ಒಂದು ತಿನಿಸು ಇದೆ, ಅದರ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನುವವರಿಗೆ ಅದು ಹೊಟ್ಟೆ ತುಂಬಿಸುತ್ತದೆ. ಮೆಟ್ರೋದಲ್ಲಿ ನಮ್ಮಲ್ಲಿಯ ಹಾಗೆ ಗೇಟ್ ಇಲ್ಲ. ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ, ಸಿಕ್ಕಿಬಿದ್ದರೆ 60 ಯೂರೋ ದಂಡ. ಕಾಗದದ ಟಿಕೆಟಿಗೆ ಮೆಷಿನ್‌ನಲ್ಲಿ ಮುದ್ರೆ ಒತ್ತಬೇಕಾದರೆ ಅದನ್ನೂ ಮರೆಯಬೇಡಿ.

ಇನ್ನು ಸ್ಟೇಡಿಯಂ. 1972ರ ಒಲಿಂಪಿಕ್ಸ್‌ಗೆ ಕಟ್ಟಿದ್ದು, ನಮ್ಮ ಹಾಕಿ ತಂಡ ಕಂಚು ಗೆದ್ದ ಒಲಿಂಪಿಕ್ಸ್ ಅದು. ಮೇಲೆ ಗಾಜಿನ ಡೇರೆ ಎಳೆದು ಕಟ್ಟಿದ ಹಾಗೆ ಚಾವಣಿ, ಆದರೆ ಅದು ಒಂದು ಕಡೆಯ ಸೀಟುಗಳನ್ನು ಮಾತ್ರ ಮುಚ್ಚುತ್ತದೆ. ನೆಲದಲ್ಲಿ ನಿಲ್ಲುವವರಿಗೆ ಆಕಾಶವೇ ಗತಿ. ತೆಳು ಮಳೆಯಂಗಿ ಜೇಬಿನಲ್ಲಿರಲಿ. ದೊಡ್ಡ ಬ್ಯಾಗ್ ಒಯ್ಯಬೇಡಿ, ಜರ್ಮನಿಯ ಇಂಥ ಕಾರ್ಯಕ್ರಮಗಳಲ್ಲಿ ಎ4 ಹಾಳೆಗಿಂತ ದೊಡ್ಡದನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಕುಡಿಯುವ ಲೋಟಕ್ಕೂ ಠೇವಣಿ ತಗೊಳ್ಳುತ್ತಾರೆ, ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್.

ಎಂ72ರ ವೇದಿಕೆ ಉಂಗುರದ ಹಾಗೆ, ಮೈದಾನದ ನಟ್ಟ ನಡುವೆ. ಉಂಗುರದ ಒಳಗೂ ಜನ ನಿಲ್ಲುತ್ತಾರೆ, ಅದಕ್ಕೆ ಸ್ನೇಕ್ ಪಿಟ್ ಅಂತ ಹೆಸರು. ಸುತ್ತ ಎತ್ತರದ ಎಂಟು ಗೋಪುರ, ಅವುಗಳ ಮೇಲೆಯೇ ಪರದೆ. ಲಾರ್ಸ್ ಉಲ್ರಿಕ್‌ನ ಡ್ರಮ್ ಸೆಟ್ ಒಂದೇ ಜಾಗದಲ್ಲಿ ಇರುವುದಿಲ್ಲ. ಕೆಲವು ಹಾಡು ಆದಮೇಲೆ ಒಂದು ಕಡೆಯದು ವೇದಿಕೆಯೊಳಗೆ ಇಳಿದು ಇನ್ನೊಂದು ಕಡೆ ಇನ್ನೊಂದು ಎದ್ದು ಬರುತ್ತದೆ. ಹಾಗಾಗಿ ಮುಂದಿನ ಸಾಲು ಅನ್ನುವುದೇ ಇಲ್ಲ. ಯಾವ ಕಡೆ ನಿಂತರೂ ಸ್ವಲ್ಪ ಹೊತ್ತು ಅವರ ಬೆನ್ನು ಕಾಣುತ್ತದೆ, ಸ್ವಲ್ಪ ಹೊತ್ತು ಅವರು ನಿಮ್ಮ ಎದುರೇ ಬಂದು ನಿಲ್ಲುತ್ತಾರೆ. ಶುಕ್ರವಾರ ಪೂರ್ವಕ್ಕೆ ನಿಂತಿದ್ದೆವು, ಭಾನುವಾರ ಬೇಕೆಂದೇ ಎದುರು ಬದಿಗೆ ಹೋದೆವು. ಒಂದು ಗೋಪುರದ ಕೆಳಗೇ ನಿಂತರೆ ಶಬ್ದ ಎದೆಗೆ ಗುದ್ದುತ್ತದೆ ಆದರೆ ಮಾತು ಕಲಸಿಹೋಗುತ್ತದೆ, ಎರಡು ಗೋಪುರಗಳ ನಡುವೆ, ವೇದಿಕೆಯಿಂದ ಇಪ್ಪತ್ತು ಹೆಜ್ಜೆ ಹಿಂದೆ, ಅಲ್ಲಿ ಪ್ರತಿ ಗಿಟಾರ್ ಬೇರೆ ಬೇರೆ ಕೇಳಿಸುತ್ತಿತ್ತು. ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ. ಸಂಗೀತಗಾರರು ಬಳಸುವ ಥರದ್ದು ಆದರೆ ಶಬ್ದ ಕಡಿಮೆಯಾಗುತ್ತದೆ, ಸ್ಪಷ್ಟತೆ ಹೋಗುವುದಿಲ್ಲ.

ಮೇ ಕೊನೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಇಟಲಿಯ ಸಿನಿಮಾ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆಯ ಸಂಗೀತದ ತುಣುಕು ಕೇಳಿಬಂತು, ಅದು ಬಂದರೆ ಮೆಟಾಲಿಕಾ ಬರುತ್ತಿದ್ದಾರೆ ಅಂತ ಅರ್ಥ, ಎಷ್ಟೋ ವರ್ಷಗಳಿಂದ ಅದೇ ಕ್ರಮ. ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಜರ್ಮನ್ ಅಜ್ಜ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಮಗುವಿನ ಕಿವಿಗೆ ದೊಡ್ಡ ಹೆಡ್‌ಫೋನ್. ಜೇಮ್ಸ್ ನಮ್ಮ ಕಡೆಗೆ ನಡೆದು ಬಂದು ನಿಂತಾಗ ನನಗೂ ಅವರಿಗೂ ಮೂವತ್ತು ಅಡಿ ಇತ್ತೋ ಏನೋ. ಬೆರಳು ತಂತಿಯ ಮೇಲೆ ಓಡುವುದು ಕಾಣುತ್ತಿತ್ತು. ನಾನು ಫೋನ್ ತೆಗೆಯಲಿಲ್ಲ. ಮಂಡ್ಯದ ಗೆಳೆಯ ನನ್ನ ಭುಜ ಹಿಡಿದುಕೊಂಡಿದ್ದ, ಬಿಡಲೇ ಇಲ್ಲ. ಹಾಡು ಮುಗಿದ ಮೇಲೆ ನೋಡಿದರೆ ಅವನ ಕಣ್ಣು ಒದ್ದೆ. ನನ್ನದೂ.

ಮುಗಿದ ಮೇಲೆ ಎಲ್ಲರೂ ಒಂದೇ ನಿಲ್ದಾಣಕ್ಕೆ ನುಗ್ಗುತ್ತಾರೆ. ಶುಕ್ರವಾರ ನಾವೂ ನುಗ್ಗಿ ಒಂದು ಗಂಟೆ ನಿಂತೆವು. ಭಾನುವಾರ ಬುದ್ಧಿ ಬಂತು, ಷೈಡ್‌ಪ್ಲಾಟ್ಸ್ ನಿಲ್ದಾಣದವರೆಗೆ ನಡೆದೆವು, ಅರ್ಧ ಗಂಟೆಯ ದಾರಿ. ಅಲ್ಲಿ ಯು2 ಲೈನ್ ಕೂಡ ಸಿಗುತ್ತದೆ, ಜನ ಕಡಿಮೆ. ಟೀ ಶರ್ಟ್ ಬೇಕಾದವರು ಮೊದಲ ದಿನ ಒಳಗೆ ಹೋದ ಕೂಡಲೇ ತಗೊಳ್ಳಿ, ನಮ್ಮ ಅಳತೆಯವು ಬೇಗ ಖಾಲಿಯಾಗುತ್ತವೆ.

ಟಿಕೆಟ್, ವಿಮಾನ, ವೀಸಾ, ರೂಮು, ಊಟ ಎಲ್ಲಾ ಸೇರಿ ತಲಾ ಸುಮಾರು ಎರಡೂವರೆ ಲಕ್ಷ ಆಯಿತು. ಎರಡು ವರ್ಷ ಕೂಡಿಟ್ಟ ದುಡ್ಡು. ಕಾರ್ಡ್ ಬಳಸುವುದಾದರೆ ವಿದೇಶಿ ವಹಿವಾಟಿಗೆ ಎಷ್ಟು ಶುಲ್ಕ ಹಿಡಿಯುತ್ತಾರೆ ಅಂತ ಮೊದಲೇ ಬ್ಯಾಂಕಿನಲ್ಲಿ ಕೇಳಿ, ಸ್ವಲ್ಪ ನಗದು ಯೂರೋ ಕೂಡ ಇರಲಿ, ಅಲ್ಲಿ ಸಣ್ಣ ಅಂಗಡಿಗಳು ಇನ್ನೂ ನೋಟನ್ನೇ ಕೇಳುತ್ತವೆ.

ವಾಪಸ್ ವಿಮಾನವನ್ನು ಸೋಮವಾರ ಬೆಳಿಗ್ಗೆಗೆ ಹಾಕಬೇಡಿ. ನಾವು ಮಂಗಳವಾರ ಹೊರಟೆವು. ಸೋಮವಾರ ಮಧ್ಯಾಹ್ನ ಸ್ಟೇಡಿಯಂ ಪಕ್ಕದ ಒಲಿಂಪಿಯಾಬೆರ್ಗ್ ಗುಡ್ಡ ಹತ್ತಿದೆವು. ಎರಡನೇ ಮಹಾಯುದ್ಧದಲ್ಲಿ ಬಿದ್ದ ಕಟ್ಟಡಗಳ ಅವಶೇಷ ಸುರಿದು ಆದ ಗುಡ್ಡ ಅದು, ಈಗ ಪೂರ್ತಿ ಹುಲ್ಲು. ಟಿಕೆಟ್ ಸಿಗದವರು ಇಲ್ಲೇ ಕೂತು ಹಾಡು ಕೇಳುವುದುಂಟು. ಮೇಲಿನಿಂದ ನೋಡಿದರೆ ಗೋಪುರಗಳನ್ನು ಬಿಚ್ಚುತ್ತಿದ್ದರು, ಲಾರಿಗಳು ಒಂದರ ಹಿಂದೆ ಒಂದು ಹೊರಡುತ್ತಿದ್ದವು. ಮುಂದಿನ ನಿಲ್ದಾಣ ಮಿಲಾನ್, 29ಕ್ಕೆ. ಉಳಿದಿದ್ದ ಬ್ರೆಡ್ಡಿಗೆ ಚಟ್ನಿಪುಡಿ ಹಾಕಿಕೊಂಡು ತಿನ್ನುತ್ತಾ ಕೊನೆಯ ಗೋಪುರ ಮಲಗುವವರೆಗೂ ಅಲ್ಲೇ ಕೂತಿದ್ದೆವು.