ಮೂರು ನಲವತ್ತರ ಬಸ್ಸು

ಈಚೆಗೆ ನಮ್ಮ ಕಂಪನಿಯವರು ಆನ್‌ಲೈನ್‌ನಲ್ಲಿ ಒಂದು ಟ್ರೈನಿಂಗ್ ಇಟ್ಟಿದ್ದರು. ವಿಷಯ, ‘ಕೆಲಸದಲ್ಲಿ ನಿಮ್ಮ ಪರ್ಪಸ್ ಕಂಡುಕೊಳ್ಳಿ’. ಆ ತಿಂಗಳ ಸಂಬಳ ಇನ್ನೂ ಬಂದಿರಲಿಲ್ಲ. ಡಯಾಲಿಸಿಸ್ ಟೆಕ್ನೀಶಿಯನ್ ನಾನು, ಕ್ಯಾಮೆರಾ ಆಫ್ ಮಾಡಿ ಮೆಷಿನ್‌ಗೆ ಹಾಕುವ ಬೈಕಾರ್ಬ್ ಕಲಸುತ್ತಾ ಕೇಳಿಸಿಕೊಂಡೆ. ಟ್ರೈನರ್ ಡಾಕ್ಟರ್ ಕೋಲ್ಫ್ ಕಥೆ ತೆಗೆದರು. 1943, ಜರ್ಮನರ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್. ಸಾಸೇಜ್‌ಗೆ ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಡ್ರಮ್ಮಿಗೆ ಸುತ್ತಿ ಅವರು ಡಯಾಲಿಸಿಸ್ ಮೆಷಿನ್ ಮಾಡಿದರು. ಮೊದಮೊದಲ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದರು. ‘ಕೋಲ್ಫ್ ಹತ್ತಿರ ಏನೂ ಇರಲಿಲ್ಲ, ಆದ್ರೂ ಪರ್ಪಸ್ ಇತ್ತು. ನೀವು ಬ್ಲಡ್ ಲೈನ್ ಟ್ಯೂಬು ಬರೋದು ಲೇಟಾದ್ರೂ ಗೊಣಗ್ತೀರಿ’ ಅಂದರು. ಕಥೆ ನಿಜ, ಡಿಪ್ಲೊಮಾದಲ್ಲಿ ನಾನೂ ಓದಿದ್ದೆ. ಆದರೆ ಅದರಿಂದ ಬ್ಲಡ್ ಲೈನ್ ಬೇಗ ಬರಲ್ಲ, ಅಲ್ವಾ?

ಪರ್ಪಸ್ ಅಂತ ಹುಡುಕಿಕೊಂಡು ನಾನು ಈ ಕೆಲಸಕ್ಕೆ ಬಂದವಳಲ್ಲ. ಪಿಯುಸಿ ಸೈನ್ಸ್ ಮಾಡಿದೆ, ನೀಟ್‌ನಲ್ಲಿ ಅಂಕ ಬರಲಿಲ್ಲ, ನರ್ಸಿಂಗ್‌ಗೆ ದುಡ್ಡು ಸಾಲಲಿಲ್ಲ. ಅರ್ಜಿ ಹಾಕಲು ಉಳಿದಿದ್ದು ಪ್ಯಾರಾಮೆಡಿಕಲ್ ಒಂದೇ. ಜೊತೆಗೆ ಓದಿದವರು ಬೆಂಗಳೂರಿಗೋ ದುಬೈಗೋ ಹೋದರು. ಅಪ್ಪನಿಗೆ ಸ್ಟ್ರೋಕ್ ಆಗಿದ್ದರಿಂದ ನಾನು ಊರು ಬಿಡಲಾಗಲಿಲ್ಲ. ತಾಲ್ಲೂಕಿನಲ್ಲಿ ಉಚಿತ ಡಯಾಲಿಸಿಸ್ ಸೆಂಟರ್ ಇತ್ತು, ಸೇರಿಕೊಂಡೆ. ರಾತ್ರಿ ಹೊತ್ತು ಬೇರೆ ಕೆಲಸದ ನೋಟಿಫಿಕೇಶನ್ ನೋಡುತ್ತಾ ಮಲಗುವುದು ಅಭ್ಯಾಸವಾಯಿತು.

ನಮ್ಮ ಹತ್ತಿರ ಬರುವವರಿಗೆ ಅಷ್ಟೂ ಆಯ್ಕೆ ಇಲ್ಲ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ. ಕುಡಿಯುವ ನೀರಿಗೆ ಅಳತೆ. ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿ ಬೇಡ. ಇಷ್ಟು ಕಟ್ಟುಪಾಡಿನಲ್ಲಿರುವವರು ಬೆಡ್ಡಿಗೆ, ಫ್ಯಾನಿಗೆ, ಶಿಫ್ಟಿಗೆ ಯಾಕೆ ಇಷ್ಟು ಜಗಳ ಮಾಡ್ತಾರೆ ಅಂತ ನನಗೆ ತಲೆಬಿಸಿ. ಎಲ್ಲಕ್ಕಿಂತ ಜಾಸ್ತಿ ತಲೆ ತಿಂದವರು ಒಬ್ಬ ಯಜಮಾನರು. ಮಿತಭಾಷಿ, ಅರವತ್ತರ ಹತ್ತಿರ. ಮುಂಚೆ ಫಸ್ಟ್ ಶಿಫ್ಟ್‌ನಲ್ಲಿದ್ದರು. ಡಯಾಲಿಸಿಸ್‌ಗೆ ಬರುವ, ಯಾವುದೋ ಕಂಪನಿ ಕೆಲಸದ ಹುಡುಗನೊಬ್ಬ ಲೆಟರ್ ತಂದು ಬೆಳಗಿನ ಸ್ಲಾಟ್ ಕೇಳಿದ. ನಾನು ಇವರನ್ನು ಸೆಕೆಂಡ್‌ಗೆ ತಳ್ಳಿದೆ. ಕೆಲಸಕ್ಕೆ ಹೋಗುವವರಿಗೆ ಬೆಳಗ್ಗೆ, ಮನೇಲಿರುವವರಿಗೆ ಮಧ್ಯಾಹ್ನ. ಇದು ನಾನೇ ಮಾಡಿಕೊಂಡ ರೂಲು. ಅವರ ಫೈಲಿನಲ್ಲಿ ವೃತ್ತಿ ಅನ್ನುವ ಕಡೆ ‘ಇಲ್ಲ’ ಅಂತ ಇತ್ತು.

ಅಂದಿನಿಂದ ದಿನವೂ ಒಂದೇ ರಾಗ. ‘ಅರ್ಧ ಗಂಟೆ ಮುಂಚೆ ಕ್ಲೋಸ್ ಮಾಡಮ್ಮ, ಮೂರು ನಲವತ್ತರ ಬಸ್ಸು ಹೋಗ್ಬಿಡುತ್ತೆ.’ ನಮ್ಮ ಸೆಕೆಂಡ್ ಶಿಫ್ಟ್ ಮುಗಿಯುವುದೇ ಮೂರೂವರೆಗೆ. ರಿನ್ಸ್ ಬ್ಯಾಕ್ ಅಂತ ಮೆಷಿನ್ನಿನ ರಕ್ತ ವಾಪಸ್ ಮೈಗೆ ಕಳಿಸೋದು, ನೀಡಲ್ ತೆಗೆದು ಒತ್ತಿ ಹಿಡಿಯೋದು, ಪೋಸ್ಟ್ ವೇಟ್, ಬಿಪಿ ಅಂತ ನಾಲ್ಕಾಗುತ್ತೆ. ಆಗಲ್ಲ ಯಜಮಾನ್ರೇ, ಅಂತ ಹೇಳಿ ಹೇಳಿ ಸಾಕಾಗಿತ್ತು.

ಊರ ಹಬ್ಬ ಮುಗಿಸಿ ಸೋಮವಾರ ಬಂದರು. ಡ್ರೈ ವೇಟ್, ಅಂದ್ರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, 56 ಕೆಜಿ; ತಕ್ಕಡಿಯಲ್ಲಿ 60ರ ಮೇಲೆ. ಮುಖವೆಲ್ಲ ಊದಿತ್ತು. ಆದರೂ ಅದೇ ಮಾತು, ಇವತ್ತು ಮಾತ್ರ ಬೇಗ ಬಿಡಮ್ಮ, ಬಸ್ಸು ಬಿಟ್ಟರೆ ಆಗಲ್ಲ. ಮೈಯಿಂದ ನೀರು ತೆಗೆಯುವುದು ಗಂಟೆಗೆ ಕೆಜಿಗೆ 13 ಎಂಎಲ್ ದಾಟಬಾರದು ಅನ್ನುವುದು ನಮಗೆ ಬಾಯಿಪಾಠ. ಅವರ ತೂಕಕ್ಕೆ ಹೆಚ್ಚುಕಮ್ಮಿ 730. ನಾನು ಮೂರೂವರೆ ಗಂಟೆಗೆ ಮೂರೂವರೆ ಲೀಟರ್ ಗೋಲ್ ಹಾಕಿದೆ. ಅಂದ್ರೆ ಗಂಟೆಗೆ ಸಾವಿರ. ಕರುಣೆಯಿಂದ ಹಾಕಿದ್ದಲ್ಲ. ಇವತ್ತೊಂದಿನ ಸುಮ್ನಿರಲಿ ಅಂತ ಹಾಕಿದ್ದು.

ಎರಡೂವರೆ ಆಗಿತ್ತು. ಐದನೇ ಬೆಡ್‌ನಲ್ಲಿ ವೀನಸ್ ಪ್ರೆಶರ್ ಅಲಾರಂ ಹೊಡೀತಿತ್ತು, ಅಲ್ಲಿದ್ದೆ. ಇವರು ಆಕಳಿಸಿದ್ದು ಕಾಣಿಸಿತು. ಇನ್ನೊಂದು ಸಲ ಆಕಳಿಸಿದರು. ಊಟ ಮಾಡಿ ಬಂದಿದ್ದಾರೆ, ನಿದ್ದೆ ಅಂದುಕೊಂಡೆ. ಬಿಪಿ ಬೀಳುವ ಮುಂಚೆ ಆಕಳಿಕೆ ಬರುತ್ತೆ ಅಂತ ಹೊಸ ಹುಡುಗಿಯರಿಗೆ ಪಾಠ ಹೇಳುವವಳೂ ನಾನೇ! ಪಕ್ಕದ ಬೆಡ್ಡಿನ ಅಮ್ಮ ‘ಯಜಮಾನ್ರು ಬೆವರ್ತಾ ಇದಾರೆ ನೋಡಮ್ಮ’ ಅಂತ ಕೂಗಿದಾಗಲೇ ಓಡಿದ್ದು. ಬಿಪಿ ಕಫ್ ಊದುವ ಮೂವತ್ತು ಸೆಕೆಂಡು ಎಷ್ಟು ಉದ್ದ ಅಂತ ಈ ಕೆಲಸದಲ್ಲಿರುವವರಿಗೆ ಗೊತ್ತು. 70 ಮೇಲೆ 40. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ನೀರು ತೆಗೆಯುವ ಯುಎಫ್ ಆಫ್ ಮಾಡಿದೆ, ತಲೆ ಕೆಳಗೆ ಕಾಲು ಮೇಲೆ ಮಾಡಿದೆ, ಸಲೈನ್ ಬಿಟ್ಟೆ, ಆಕ್ಸಿಜನ್ ಹಾಕಿದೆವು. ಡ್ಯೂಟಿ ಡಾಕ್ಟರ್ ಕ್ಯಾಶುವಾಲ್ಟಿಯಲ್ಲಿ. ಜೋಡಿ ಟೆಕ್ನೀಶಿಯನ್ ಶುಗರ್ ಚೆಕ್ ಮಾಡ್ತಿದ್ದ, ನಾನು ಅವರ ಕೆನ್ನೆ ತಟ್ಟುತ್ತಿದ್ದೆ. ನೂರು ಎಂಎಲ್ ಹೋಯಿತು, ಏನಿಲ್ಲ. ಇನ್ನೂರರ ಹತ್ತಿರ ಬಂದಾಗ ರೆಪ್ಪೆ ಅಲುಗಿತು. ಆಮೇಲೆ ಕಾಲು ಸೆಳೆತ ಶುರುವಾಗಿ ನರಳಿದರು. ಆ ನರಳಾಟ ಕೇಳಿ ನನಗೆ ಜೀವ ಬಂತು.

ಕಣ್ಣು ಬಿಟ್ಟವರು ಮೊದಲು ಕೇಳಿದ್ದು, ‘ಟೈಮ್ ಎಷ್ಟಾಯ್ತಮ್ಮಾ?’

‘ಮೂರಕ್ಕೆ ಹತ್ತು ನಿಮಿಷ ಇದೆ’ ಅಂದೆ.

‘ಹಂಗಾದ್ರೆ ಬಸ್ಸು ಸಿಗುತ್ತೆ ಬಿಡು.’

ನನಗೆ ರೇಗಿಹೋಯಿತು. ‘ಜೀವಕ್ಕಿಂತ ಬಸ್ಸು ಹೆಚ್ಚಾ? ಮನೇಲಿ ಯಾರು ಕಾಯ್ತಾ ಕೂತಿದಾರೆ ನಿಮ್ಮನ್ನ?’ ಅಂತ ಕೂಗಾಡಿಬಿಟ್ಟೆ. ಅವರು ಮಾತಾಡಲಿಲ್ಲ. ಪಕ್ಕದ ಅಮ್ಮನೇ ಹೇಳಿದರು, ‘ಮನೇಲಲ್ಲ ಕಣಮ್ಮ, ಡೇರೀಲಿ. ಅವರೂರ ಹಾಲೆಲ್ಲಾ ಇವರೇ ಟೆಸ್ಟ್ ಮಾಡಿ ಬರ್ಕೋಳ್ಳೋದು. ನಿಂಗೊತ್ತಿಲ್ವಾ?’

ಗೊತ್ತಿರಲಿಲ್ಲ. ಆ ದಿನ ಬಸ್ಸು ತಪ್ಪಿತು. ಬಿಪಿ ನೂರು ದಾಟುವ ತನಕ ನಾನೇ ಬಿಡಲಿಲ್ಲ. ಕಾಯುತ್ತಾ ಅವರು ಒಂದಿಷ್ಟು ಹೇಳಿದರು. ಕಾಯಿಲೆ ಬಂದ ಮೇಲೆ ಹಸು ಮಾರಿದ್ದಾರೆ, ಜಮೀನು ತಮ್ಮ ನೋಡ್ಕೋತಾನೆ. ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಕೈಯಲ್ಲಿ ಕ್ಯಾನ್ ಎತ್ತುವ ಹಾಗಿಲ್ಲ, ಸ್ಯಾಂಪಲ್ ಬಾಟಲಿ ಹಿಡೀಬಹುದು. ಸಂಜೆ ಐದಕ್ಕೆ ಅನಲೈಸರ್ ಮುಂದೆ ಕೂತರೆ ಒಂದೂವರೆ ಗಂಟೆ ಕೆಲಸ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ‘ಮನೇಲಿದ್ರೆ ಎಲ್ರೂ ಕೇಳೋದು, ಎಷ್ಟು ನೀರು ಕುಡಿದೆ ಅಂತ. ಡೇರೀಲಿ ಕೇಳೋದು, ಫ್ಯಾಟ್ ಎಷ್ಟು ಬಂತು ಅಂತ. ಈಗ ಒಬ್ಬ ಹುಡುಗ ನನ್ ಬದ್ಲು ಕೂರ್ತಾವ್ನೆ. ಇನ್ನೊಂದು ತಿಂಗಳು ಕೂತ್ರೆ ಕುರ್ಚಿ ಅವನದೇ’ ಅಂದರು. ಬೇಸರದ ದನಿಯಲ್ಲ, ಲೆಕ್ಕ ಹೇಳುವ ದನಿ.

ಫೈಲಿನಲ್ಲಿ ‘ಇಲ್ಲ’ ಅಂತ ಬರೆದದ್ದು ನನ್ನದೇ ಅಕ್ಷರ. ಕೇಳಿ ಬರೆದದ್ದಲ್ಲ. ಡಯಾಲಿಸಿಸ್ ಅಂದ ಮೇಲೆ ಇನ್ನೇನು ಕೆಲಸ ಮಾಡ್ತಾರೆ ಅಂತ ಬರೆದದ್ದು.

ಮಾರನೇ ದಿನ ಉಳಿದ ನೀರು ತೆಗೆಯಲು ಎಕ್ಸ್‌ಟ್ರಾ ಸಿಟ್ಟಿಂಗ್ ಕೇಳಿದರೆ ಮ್ಯಾನೇಜರ್ ಅರ್ಧ ದಿನ ಸತಾಯಿಸಿದರು, ಅಪ್ರೂವಲ್ ಬೇಕಂತೆ. ನಾನು ಅಷ್ಟರಲ್ಲಿ ಎರಡೂ ಶಿಫ್ಟಿನವರನ್ನು ಕೂರಿಸಿಕೊಂಡು ಕೇಳಿದೆ, ಇಲ್ಲಿಂದ ಎದ್ದು ಎಲ್ಲಿಗೆ ಹೋಗ್ತೀರಿ ಅಂತ. ಲೆಟರ್ ತಂದ ಹುಡುಗ ಮನೆಯಿಂದಲೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡೋನು! ಆದರೂ ಬೆಳಗಿನದು ಬಿಡಲು ಒಪ್ಪಲಿಲ್ಲ. ಅವನ ಮೀಟಿಂಗೆಲ್ಲ ಮಧ್ಯಾಹ್ನವಂತೆ, ಅದೂ ನಿಜವೇ. ಕೊನೆಗೆ ಫಸ್ಟ್ ಶಿಫ್ಟಿನ ಒಬ್ಬ ಅಜ್ಜಿ, ‘ಬೆಳಗಿನ ಚಳೀಲಿ ಬರೋದೇ ನಂಗೆ ಕಷ್ಟ, ಯಾರೂ ಕೇಳ್ಲಿಲ್ಲ ಅಂತ ಸುಮ್ನಿದ್ದೆ’ ಅಂತ ಜಾಗ ಬಿಟ್ಟುಕೊಟ್ಟರು. ಸಾಫ್ಟ್‌ವೇರ್ ಈ ಬದಲಾವಣೆ ತಗೊಳ್ಳಲೇ ಇಲ್ಲ. ತಿಂಗಳ ಮಧ್ಯ ಶಿಫ್ಟ್ ಬದಲಿಸಿದರೆ ಕೆಂಪು ಬಣ್ಣದಲ್ಲಿ ಎರರ್. ರಿಜಿಸ್ಟರಿನಲ್ಲಿ ಪೆನ್ನಲ್ಲಿ ಬರೆದೆ.

ಯಜಮಾನರು ಈಗಲೂ ಹಬ್ಬ ಬಂದರೆ ಮೂರು ಕೆಜಿ ಹೊತ್ತುಕೊಂಡೇ ಬರ್ತಾರೆ. ಆದರೆ ನಾಲ್ಕು ಗಂಟೆ ಪೂರ್ತಿ ಮಲಗುತ್ತಾರೆ, ಅವಸರ ಇಲ್ಲ. ನಾನು ಈಗಲೂ ರಾತ್ರಿ ನೋಟಿಫಿಕೇಶನ್ ನೋಡ್ತೀನಿ. ಸರ್ಕಾರಿ ಪೋಸ್ಟ್ ಸಿಕ್ಕಿದರೆ ಹೋಗ್ತೀನಿ, ಸುಳ್ಳು ಯಾಕೆ ಹೇಳಲಿ. ಆದರೆ ರೋಸ್ಟರ್ ಬರೆಯುವಾಗ ಮುಂಚಿನಷ್ಟು ಬೇಜಾರಾಗಲ್ಲ. ಹೋದ ವಾರ ಆಡಿಟ್‌ಗೆ ಬಂದವರು ಆ ಫೈಲ್ ತೆಗೆದು, ವೃತ್ತಿಯ ಜಾಗದಲ್ಲಿ ‘ಡೇರಿ, ಸಂಜೆ 5ಕ್ಕೆ’ ಅಂತ ಯಾಕಿದೆ, ಲಿಸ್ಟ್‌ನಲ್ಲಿ ಅಂಥ ಆಪ್ಷನ್ನೇ ಇಲ್ವಲ್ಲ ಅಂದರು. ಹಾಗಾದರೆ ಲಿಸ್ಟಿಗೆ ಸೇರಿಸಿ ಸರ್ ಅಂದೆ. ಮೇಲ್ ಹಾಕಿ ಅಂದಿದ್ದಾರೆ. ಹಾಕಿದ್ದೀನಿ.